ಫೋಟೋದಲ್ಲಿ ಕಪ್ಪು ಪಟ್ಟಿ ಬರುತ್ತಿದೆಯಾ? ಕ್ಯಾಮೆರಾ ಬಿಚ್ಚಿಸುವ ಮೊದಲು ಆ ಪಟ್ಟಿಯನ್ನು ಸರಿಯಾಗಿ ನೋಡಿ

ನನ್ನ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಫೋಟೋ ತೆಗೆಯುವ ಜವಾಬ್ದಾರಿ ನನ್ನದಾಗಿತ್ತು. ಪುರೋಹಿತರು ಮಂತ್ರ ಹೇಳುವಾಗ ಪಕ್ಕದಲ್ಲೇ ನಿಂತು ಟಕಟಕ ಸದ್ದು ಮಾಡುವುದು ಬೇಡ ಅಂತ ಸೈಲೆಂಟ್ ಶಟರ್ ಹಾಕಿಕೊಂಡಿದ್ದೆ. ಗಟ್ಟಿಮೇಳ ಮೊಳಗಿತು, ಅಕ್ಷತೆ ಬಿತ್ತು. ಒಂದೇ ಸಮನೆ ಮೂವತ್ತು ನಲವತ್ತು ಫೋಟೋ ತೆಗೆದೆ. ರಾತ್ರಿ ಮನೆಗೆ ಬಂದು ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಎಲ್ಲದರಲ್ಲೂ ಅಡ್ಡಡ್ಡ ಕಪ್ಪು ಪಟ್ಟಿ. ತಾಳಿ ಕಟ್ಟುವ ಫೋಟೋದಲ್ಲಿ ಒಂದು ಪಟ್ಟಿ ಸರಿಯಾಗಿ ಅವಳ ಮುಖದ ಮೇಲೇ ಬಿದ್ದಿತ್ತು.

ಮರುದಿನ ಕ್ಯಾಮೆರಾ ರಿಪೇರಿ ಅಂಗಡಿಗೆ ಹೋದೆ. ಫೋಟೋ ನೋಡಿದವರು "ಸೆನ್ಸರ್ ಹೋಗಿದೆ, 28,000 ಆಗುತ್ತೆ" ಅಂದರು. ಕೊಟ್ಟು ಬರುವವನೇ ಇದ್ದೆ. ಅಷ್ಟರಲ್ಲಿ ಹಳೆಯ ಫೋಟೋಗ್ರಾಫರ್ ಒಬ್ಬರು ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು: "ಯಾವ ಲೈಟಿನ ಕೆಳಗೆ ತೆಗೆದಿರಿ?" ಆ ಪ್ರಶ್ನೆಯೇ ಉತ್ತರವೂ ಆಗಿತ್ತು. ನನ್ನ ಸೆನ್ಸರಿಗೆ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಭಾಗಕ್ಕೆ, ಏನೂ ಆಗಿರಲಿಲ್ಲ. ಅದೇ ಕ್ಯಾಮೆರಾ ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತಿದೆ.

ಕಪ್ಪು ಪಟ್ಟಿಗೆ ಕಾರಣ ಒಂದೇ ಅಲ್ಲ, ಏಳೆಂಟು ಇವೆ. ಆದರೆ ಒಂದೊಂದು ಕಾರಣವೂ ಬೇರೆ ಬೇರೆ ಥರದ ಪಟ್ಟಿ ಬಿಡುತ್ತದೆ. ಅದನ್ನು ಗುರುತಿಸುವುದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಹೆಜ್ಜೆ 1: ಪಟ್ಟಿಯ ಅಂಚು ಹೇಗಿದೆ ನೋಡಿ

ಫೋಟೋವನ್ನು ದೊಡ್ಡ ಪರದೆಯಲ್ಲಿ ತೆರೆಯಿರಿ. ಪಟ್ಟಿ ಎಷ್ಟು ದಪ್ಪ ಇದೆ ಅನ್ನುವುದಕ್ಕಿಂತ ಅದರ ಅಂಚು ಮುಖ್ಯ.

ಅಂಚು ಮೆತ್ತಗಿದ್ದು, ಕಪ್ಪು-ಬಿಳುಪು-ಕಪ್ಪು ಅಂತ ಸಮ ಅಂತರದಲ್ಲಿ ಅಲೆಯ ಹಾಗೆ ಬಂದಿದೆಯಾ? ಅದು ಲೈಟಿನದು. ಫೋಟೋದ ಒಂದು ಕೊನೆಯಲ್ಲಿ ಮಾತ್ರ ಗಾಢ ಕಪ್ಪು ಪಟ್ಟಿ ಇದ್ದು, ಆಗ ಫ್ಲ್ಯಾಶ್ ಬಳಸಿದ್ದಿರಾ? ಅದು ಫ್ಲ್ಯಾಶ್ ಮತ್ತು ಶಟರ್ ಹೊಂದಿಕೆಯಾಗದೆ ಬಂದದ್ದು. ಫ್ಲ್ಯಾಶ್ ಇಲ್ಲದೆ, ಹಗಲು ಬೆಳಕಿನಲ್ಲೇ, ಹೆಚ್ಚಿನ ಶಟರ್ ಸ್ಪೀಡಿನಲ್ಲಿ (ಶಟರ್ ತೀರಾ ಕಡಿಮೆ ಹೊತ್ತು ತೆರೆದಿರುವಾಗ) ಒಂದು ಕೊನೆ ಕಪ್ಪಾಗುತ್ತಿದ್ದರೆ ಶಟರ್ ಯಂತ್ರದ ಮೇಲೆ ಅನುಮಾನ ಪಡಬೇಕು. ಚಾಕುವಿನಿಂದ ಕೊಯ್ದ ಹಾಗೆ ಗೆರೆ ಇದ್ದು, ಅದರ ಕೆಳಗೆಲ್ಲ ಬೂದು ಬಣ್ಣ ಅಥವಾ ಕಲಸಿದ ಬಣ್ಣ ಇದ್ದರೆ ಫೈಲ್ ಕೆಟ್ಟಿದೆ. ನೆರಳಿನ ಭಾಗದಲ್ಲಿ ಮಾತ್ರ ಬಾಚಣಿಗೆಯ ಹಲ್ಲಿನಂಥ ಸಣ್ಣ ಸಣ್ಣ ಗೆರೆಗಳು ಕಂಡರೆ ಅದು ನಾಯ್ಸ್, ಅಂದರೆ ಬೆಳಕು ಸಾಲದಾಗ ಚಿತ್ರದಲ್ಲಿ ಮೂಡುವ ಕಲೆ.

ಒಂದು ಎಚ್ಚರಿಕೆ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿದಿದ್ದರೆ ಅಡ್ಡ ಪಟ್ಟಿಯೂ ಉದ್ದ ಪಟ್ಟಿಯಾಗಿ ಕಾಣುತ್ತದೆ. ಇದು ಬೇರೆ ರೋಗ ಅಂತ ಗಾಬರಿಯಾಗಬೇಡಿ.

ಹೆಜ್ಜೆ 2: ಹಗಲು ಬೆಳಕಿನಲ್ಲಿ ಮೂರು ಫೋಟೋ

ಇದಕ್ಕೆ ಐದು ನಿಮಿಷ ಸಾಕು. ಹಗಲಲ್ಲಿ, ನೆರಳಿರುವ ಒಂದು ಬಿಳಿ ಗೋಡೆಯ ಮುಂದೆ ಹೋಗಿ. ಅಲ್ಲಿ ಯಾವ ಬಲ್ಬೂ ಉರಿಯುತ್ತಿರಬಾರದು. ಫ್ಲ್ಯಾಶ್ ಆಫ್ ಮಾಡಿ, ಫಿಲ್ಟರ್ ಮತ್ತು ಲೆನ್ಸ್ ಹುಡ್ ತೆಗೆಯಿರಿ, ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಕಿಂಡಿ) ಎಫ್/8 ಇಡಿ. ಬೆಳಕು ಸರಿಹೋಗುವಂತೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಹೊಂದಿಸಿಕೊಂಡು ಹೀಗೆ ತೆಗೆಯಿರಿ:

ಎಲೆಕ್ಟ್ರಾನಿಕ್ ಶಟರ್ (ಸೈಲೆಂಟ್ ಶಟರ್ ಅಂದರೆ ಇದೇ), 1/1000 ಸೆಕೆಂಡ್.
ಮೆಕ್ಯಾನಿಕಲ್ ಶಟರ್ (ಸೆನ್ಸರಿನ ಮುಂದೆ ಪರದೆ ಓಡುವ, ಟಕ್ ಅಂತ ಸದ್ದು ಮಾಡುವ ಶಟರ್), 1/1000.
ಮೆಕ್ಯಾನಿಕಲ್ ಶಟರ್, 1/60.

ಮೂರೂ ಸ್ವಚ್ಛವಾಗಿ ಬಂದರೆ ಕ್ಯಾಮೆರಾ ಬಹುಮಟ್ಟಿಗೆ ಆರೋಗ್ಯವಾಗಿದೆ. ನಿಮ್ಮ ಸಮಸ್ಯೆ ಇರುವುದು ಲೈಟಿನಲ್ಲಿ ಅಥವಾ ಫ್ಲ್ಯಾಶಿನಲ್ಲಿ. ಎರಡನೆಯದರಲ್ಲಿ ಮಾತ್ರ ಪಟ್ಟಿ ಬಂದರೆ ಮೆಕ್ಯಾನಿಕಲ್ ಶಟರ್ ನೋಡಿಸಬೇಕು. ಮೂರರಲ್ಲೂ ಒಂದೇ ಜಾಗದಲ್ಲಿ ಬಂದರೆ ಲೆನ್ಸ್ ಬದಲಿಸಿ ಇನ್ನೊಮ್ಮೆ ತೆಗೆಯಿರಿ. ಆಗಲೂ ಅಲ್ಲೇ ಇದ್ದರೆ ಸೆನ್ಸರ್ ಕಡೆಯ ತೊಂದರೆ.

ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಎಲೆಕ್ಟ್ರಾನಿಕ್ ಶಟರ್ ಇಲ್ಲದಿದ್ದರೆ ಕೊನೆಯ ಎರಡು ಫೋಟೋ ಸಾಕು.

ಲೈಟಿನ ಪಟ್ಟಿ: ಹತ್ತರಲ್ಲಿ ಏಳೆಂಟು ಜನರ ಸಮಸ್ಯೆ ಇದೇ

ಇದು ಲೆಕ್ಕ ಹಾಕಿ ಹೇಳಿದ್ದಲ್ಲ, ನನ್ನ ಹತ್ತಿರ ಫೋಟೋ ತಂದು ತೋರಿಸಿದವರನ್ನು ನೆನೆದು ಹೇಳುತ್ತಿದ್ದೇನೆ. ಹಾಗಾಗಿ ಇದನ್ನೇ ಸ್ವಲ್ಪ ಜಾಸ್ತಿ ಬಿಡಿಸಿ ಹೇಳುತ್ತೇನೆ.

ನಮ್ಮಲ್ಲಿ ಮನೆಗೆ ಬರುವ ಕರೆಂಟು 50 ಹರ್ಟ್ಜ್‌ನದು. ಅಂದರೆ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ. ಒಂದೊಂದು ಸಲದಲ್ಲೂ ಬೆಳಕು ಎರಡು ಬಾರಿ ಏರಿ ಇಳಿಯುವುದರಿಂದ, ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಇದು ತಿಳಿಯುವುದಿಲ್ಲ. ಹಳೆಯ ಗುಂಡು ಬಲ್ಬಿನ ತಂತಿ ಅಷ್ಟು ಬೇಗ ತಣ್ಣಗಾಗುವುದಿಲ್ಲ, ಆದ್ದರಿಂದ ಅದರ ಮಿನುಗು ತೀರಾ ಕಡಿಮೆ. ಚೋಕ್ ಇರುವ ಟ್ಯೂಬ್‌ಲೈಟು ಚೆನ್ನಾಗಿಯೇ ಮಿನುಗುತ್ತದೆ. ಎಲ್‌ಇಡಿಗೆ ಬಿಸಿ ಹಿಡಿದಿಟ್ಟುಕೊಳ್ಳುವ ಗುಣವೇ ಇಲ್ಲ. ಕರೆಂಟು ಇಳಿದ ತಕ್ಷಣ ಬೆಳಕೂ ಇಳಿಯುತ್ತದೆ. ಬಲ್ಬಿನೊಳಗೆ ಕರೆಂಟನ್ನು ಹದಮಾಡಿ ಕೊಡುವ ಡ್ರೈವರ್ ಒಳ್ಳೆಯದಾಗಿದ್ದರೆ ಈ ಏರಿಳಿತ ಇರುವುದಿಲ್ಲ. ಅಗ್ಗದ ಡ್ರೈವರ್ ಆದರೆ ಪಟ್ಟಿ ಗ್ಯಾರಂಟಿ.

ಇನ್ನು ಕ್ಯಾಮೆರಾ ಕಡೆ ಬನ್ನಿ. ಸೈಲೆಂಟ್ ಶಟರಿನಲ್ಲಿ ಸೆನ್ಸರ್ ಇಡೀ ಚಿತ್ರವನ್ನು ಒಟ್ಟಿಗೆ ಹಿಡಿಯುವುದಿಲ್ಲ. ಮೇಲಿನಿಂದ ಕೆಳಕ್ಕೆ ಒಂದೊಂದೇ ಸಾಲು ಓದುತ್ತಾ ಹೋಗುತ್ತದೆ. ನೀವು ರಾತ್ರಿ ಪುಸ್ತಕ ಓದುತ್ತಿದ್ದೀರಿ, ಮಗು ಸ್ವಿಚ್ಚಿನ ಜೊತೆ ಆಟವಾಡುತ್ತಾ ಲೈಟು ಹಾಕಿ ಆರಿಸಿ ಮಾಡುತ್ತಿದೆ ಅಂದುಕೊಳ್ಳಿ. ಬೆಳಕಿದ್ದಾಗ ಓದಿದ ಸಾಲು ಕಾಣುತ್ತದೆ, ಕತ್ತಲಾದಾಗ ಬಂದ ಸಾಲು ಕಾಣುವುದಿಲ್ಲ. ಪುಟ ಮುಗಿಯುವಷ್ಟರಲ್ಲಿ ನಾಲ್ಕು ಸಾಲು ಕಂಡವು, ನಾಲ್ಕು ಹೋದವು. ಫೋಟೋದ ಪಟ್ಟಿ ಅಂದರೆ ಅದೇ.

ಮೆಕ್ಯಾನಿಕಲ್ ಶಟರಿನಲ್ಲಿ ಹೀಗೆ ಸಾಲು ಸಾಲು ಪಟ್ಟಿ ಯಾಕೆ ಬರುವುದಿಲ್ಲ? ಅದರ ಪರದೆ ಸೆನ್ಸರನ್ನು ದಾಟಲು ಸುಮಾರು 3ರಿಂದ 4 ಮಿಲಿಸೆಕೆಂಡ್ ಸಾಕು. ಲೈಟಿನ ಒಂದು ಮಿನುಗಿಗೆ 10 ಮಿಲಿಸೆಕೆಂಡ್ ಬೇಕು. ಪರದೆ ಓಡಿ ಮುಗಿಸುವಷ್ಟರಲ್ಲಿ ಒಂದು ಮಿನುಗೂ ಪೂರ್ತಿಯಾಗಿರುವುದಿಲ್ಲ. ಹಾಗಾಗಿ ಒಂದು ಕಡೆ ಸ್ವಲ್ಪ ಮಂಕಾಗಬಹುದು, ಅಥವಾ ಸಾಲಾಗಿ ತೆಗೆದ ಫೋಟೋಗಳಲ್ಲಿ ಒಂದು ಬೆಳ್ಳಗೆ, ಒಂದು ಕಂದು, ಒಂದು ಹಸಿರು ಮಿಶ್ರ ಅಂತ ಬರಬಹುದು. ಅಲೆ ಅಲೆ ಪಟ್ಟಿ ಬರುವುದಿಲ್ಲ.

ನಿಮ್ಮ ಸೆನ್ಸರ್ ಎಷ್ಟು ನಿಧಾನ? ನೀವೇ ಅಳೆಯಿರಿ

ಇದು ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಚೋಕ್ ಇರುವ ಟ್ಯೂಬ್‌ಲೈಟು ಅಥವಾ ಮಿನುಗುವ ಅಗ್ಗದ ಎಲ್‌ಇಡಿ ಬಲ್ಬು ಹಾಕಿ, ರಾತ್ರಿ ಬಿಳಿ ಗೋಡೆಯ ಮುಂದೆ ಎಲೆಕ್ಟ್ರಾನಿಕ್ ಶಟರಿನಲ್ಲಿ 1/1000 ಇಟ್ಟು ಫೋಟೋ ತೆಗೆಯಿರಿ. ಎಷ್ಟು ಕಪ್ಪು ಪಟ್ಟಿ ಬಂದವು ಎಣಿಸಿ. ಆ ಸಂಖ್ಯೆಯನ್ನು 100ರಿಂದ ಭಾಗಿಸಿ.

5 ಪಟ್ಟಿ ಬಂದರೆ 5/100, ಅಂದರೆ ನಿಮ್ಮ ಕ್ಯಾಮೆರಾ ಇಡೀ ಚಿತ್ರ ಓದಲು ಸೆಕೆಂಡಿನ 1/20 ಭಾಗ ತೆಗೆದುಕೊಳ್ಳುತ್ತದೆ. 2 ಪಟ್ಟಿ ಬಂದರೆ 1/50. ಪಟ್ಟಿ ಕಡಿಮೆ ಇದ್ದಷ್ಟೂ ಸೆನ್ಸರ್ ಚುರುಕು. ನಿಕಾನ್ ಝಡ್9 ಥರದ ಕ್ಯಾಮೆರಾಗಳಲ್ಲಿ ಮೆಕ್ಯಾನಿಕಲ್ ಶಟರೇ ಇಲ್ಲ. ಅದರ ಸೆನ್ಸರ್ ಅಷ್ಟು ಬೇಗ ಓದುತ್ತದೆ. ಸೋನಿ ಎ9 III ಇನ್ನೂ ಮುಂದೆ ಹೋಗಿ ಎಲ್ಲ ಸಾಲನ್ನೂ ಒಂದೇ ಸಲ ಹಿಡಿಯುತ್ತದೆ. ನಮ್ಮ ನಿಮ್ಮಂಥವರ ಕ್ಯಾಮೆರಾಗಳು ಬಹುತೇಕ ಇದಕ್ಕಿಂತ ತುಂಬಾ ನಿಧಾನ. ಅದು ದೋಷವಲ್ಲ, ಅದರ ಮಿತಿ ಅಷ್ಟೆ. ಆ ಮಿತಿ ಗೊತ್ತಿದ್ದರೆ ಸೈಲೆಂಟ್ ಶಟರ್ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅಂತ ನೀವೇ ತೀರ್ಮಾನ ಮಾಡಬಹುದು.

ಸರಿಪಡಿಸುವುದು ಹೇಗೆ

ಮೊದಲು ಸೈಲೆಂಟ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ. ಛತ್ರದಲ್ಲಿ, ಆಫೀಸಿನಲ್ಲಿ, ಸ್ಟೇಜಿನ ಮುಂದೆ ಇದೇ ಮೊದಲ ಔಷಧ.

ಆಮೇಲೆ ಶಟರ್ ಸ್ಪೀಡು. ಒಂದು ಮಿನುಗು 1/100 ಸೆಕೆಂಡಿನದು. ಶಟರ್ ಕೂಡ ಸರಿಯಾಗಿ 1/100 ತೆರೆದಿದ್ದರೆ ಪ್ರತಿ ಸಾಲಿಗೂ ಒಂದು ಪೂರ್ತಿ ಮಿನುಗಿನ ಬೆಳಕು ಸಿಗುತ್ತದೆ. 1/50ರಲ್ಲಿ ಎರಡು ಪೂರ್ತಿ ಮಿನುಗು, 1/25ರಲ್ಲಿ ನಾಲ್ಕು. ಎಲ್ಲ ಸಾಲಿಗೂ ಸಮಪಾಲು ಬಂದರೆ ಪಟ್ಟಿ ಎಲ್ಲಿಂದ ಬರುತ್ತದೆ? ಸೈಲೆಂಟ್ ಶಟರೇ ಬೇಕು ಅಂದಾಗ ಈ ಮೂರು ಸ್ಪೀಡುಗಳನ್ನು ಬಿಟ್ಟು ಆಚೀಚೆ ಹೋಗಬೇಡಿ. 1/80, 1/125 ಹತ್ತಿರದವೇ ಆದರೂ ತೆಳುವಾಗಿ ಪಟ್ಟಿ ಉಳಿಯುತ್ತದೆ. 1/500ರಲ್ಲಿ ಏನಾಗುತ್ತದೆ ಅಂತ ನಾನು ನೋಡಿದ್ದೇನೆ.

ಮೂರನೆಯದು ಆ್ಯಂಟಿ-ಫ್ಲಿಕರ್. ಮೆನುವಿನಲ್ಲಿ ಕ್ಯಾನನ್, ಸೋನಿಯಲ್ಲಿ ಆ್ಯಂಟಿ-ಫ್ಲಿಕರ್ ಅಂತಲೂ, ನಿಕಾನ್, ಫ್ಯೂಜಿಯಲ್ಲಿ ಫ್ಲಿಕರ್ ರಿಡಕ್ಷನ್ ಅಂತಲೂ ಇರುತ್ತದೆ. ಇದನ್ನು ಹಾಕಿದರೆ ಕ್ಯಾಮೆರಾ ಲೈಟಿನ ಮಿನುಗನ್ನು ಗಮನಿಸಿ, ಬೆಳಕು ಹೆಚ್ಚಿರುವ ಕ್ಷಣಕ್ಕೆ ಕಾದು ಶಟರ್ ಬಿಡುತ್ತದೆ. ಕ್ಲಿಕ್ ಒಂದು ಕೂದಲೆಳೆಯಷ್ಟು ತಡವಾಗುತ್ತದೆ, ಒಂದೇ ಸಮನೆ ತೆಗೆಯುವ ವೇಗವೂ ಸ್ವಲ್ಪ ಇಳಿಯಬಹುದು. ಸಾಮಾನ್ಯವಾಗಿ ಇದು ಕೆಲಸ ಮಾಡುವುದು ಮೆಕ್ಯಾನಿಕಲ್ ಶಟರಿನ ಜೊತೆಗೆ.

ಇನ್ನೊಂದು ಜಾತಿಯ ಎಲ್‌ಇಡಿ ಇದೆ. ಡಿಮ್ಮರ್ ಹಾಕಿದ ಸ್ಟೇಜ್ ಲೈಟುಗಳು ಕರೆಂಟಿನ 100ರ ಲೆಕ್ಕ ಬಿಟ್ಟು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಆರಿ ಉರಿಯುತ್ತವೆ. ಆಗ ಐದಾರು ದಪ್ಪ ಪಟ್ಟಿಯ ಬದಲು ಹತ್ತಾರು ತೆಳು ಪಟ್ಟಿಗಳು ಬರುತ್ತವೆ. ಇಲ್ಲಿ ಮಾಮೂಲಿ ಆ್ಯಂಟಿ-ಫ್ಲಿಕರ್ ಸಾಕಾಗುವುದಿಲ್ಲ. ಸ್ಪೀಡು ಇಳಿಸಿದರೆ ಒಂದೊಂದು ಸಾಲಿಗೂ ಬೇಕಾದಷ್ಟು ಮಿನುಗು ಸಿಕ್ಕಿ ಪಟ್ಟಿ ಮಾಸಿಹೋಗುತ್ತದೆ. ಹೊಸ ಕ್ಯಾಮೆರಾಗಳಲ್ಲಿ ಶಟರ್ ಸ್ಪೀಡನ್ನು ತೀರಾ ಸಣ್ಣ ಸಣ್ಣ ಹೆಜ್ಜೆಯಲ್ಲಿ, ದಶಾಂಶದವರೆಗೆ ಬದಲಿಸುವ ಸೌಲಭ್ಯ ಕೊಟ್ಟಿದ್ದಾರೆ. ಪರದೆಯಲ್ಲಿ ಪಟ್ಟಿ ನೋಡುತ್ತಾ ಡಯಲ್ ತಿರುಗಿಸಿದರೆ ಒಂದು ಹಂತದಲ್ಲಿ ಅದು ಮಾಯವಾಗುತ್ತದೆ.

ಸ್ಟೇಜಿನ ಹಿಂದಿನ ಎಲ್‌ಇಡಿ ವಾಲ್‌ನಲ್ಲಿ ಮಾತ್ರ ಪಟ್ಟಿ ಇದ್ದು, ಮುಂದೆ ನಿಂತವರ ಮುಖ ಚೆನ್ನಾಗಿದ್ದರೆ ತಪ್ಪು ಆ ವಾಲ್‌ನದು. 1/50ಕ್ಕೆ ಇಳಿಸಿ ನೋಡಿ, ಇಲ್ಲವೇ ವಾಲ್ ಚಿತ್ರದೊಳಗೆ ಕಡಿಮೆ ಬರುವ ಹಾಗೆ ಪಕ್ಕಕ್ಕೆ ಸರಿದು ನಿಲ್ಲಿ.

ಯಕ್ಷಗಾನದಲ್ಲಿ ನಾನು ಮಾಡುವುದು

1/100 ಇಡಿ ಅಂತ ಹೇಳುವುದು ಸುಲಭ. ಆದರೆ ಬಡಗುತಿಟ್ಟಿನ ಮಂಡಿ ಕುಣಿತವನ್ನು 1/100ರಲ್ಲಿ ಹಿಡಿಯಲು ಹೋದರೆ ಕಲಾವಿದರ ಬದಲು ಬಣ್ಣದ ಸುಂಟರಗಾಳಿ ಸಿಗುತ್ತದೆ. ತೆಂಕುತಿಟ್ಟಿನ ಧಿಗಿಣವೂ (ಗಿರಕಿ ಹೊಡೆಯುವ ಕುಣಿತ) ಅಷ್ಟೇ. ಅದಕ್ಕೇ ನಾನು ಪ್ರಸಂಗವನ್ನು ಎರಡಾಗಿ ನೋಡುತ್ತೇನೆ. ಅರ್ಥಗಾರಿಕೆ ನಡೆಯುವಾಗ, ಪಾತ್ರಧಾರಿ ನಿಂತು ಮಾತಾಡುವಾಗ ಸೈಲೆಂಟ್ ಶಟರ್, 1/100. ಮುಂದಿನ ಸಾಲಿನಲ್ಲಿ ಕೂತ ಹಿರಿಯರಿಗೆ ಮಾತು ಕೇಳುವಾಗ ಸದ್ದಿನ ಕಿರಿಕಿರಿ ಇಲ್ಲ. ಚೆಂಡೆ ಏರಿ ಕುಣಿತ ಶುರುವಾದ ಕೂಡಲೇ ಮೆಕ್ಯಾನಿಕಲ್ ಶಟರ್, ಆ್ಯಂಟಿ-ಫ್ಲಿಕರ್, 1/320ರ ಮೇಲೆ. ಚೆಂಡೆಯ ಅಬ್ಬರದಲ್ಲಿ ಶಟರ್ ಸದ್ದು ಯಾರಿಗೂ ಕೇಳಿಸುವುದಿಲ್ಲ. ಈ ಎರಡು ಸೆಟ್ಟಿಂಗನ್ನೂ ಕ್ಯಾಮೆರಾದ ಕಸ್ಟಮ್ ಬಟನ್‌ಗಳಿಗೆ ಹಾಕಿಟ್ಟುಕೊಂಡರೆ ಕತ್ತಲಲ್ಲಿ ಮೆನು ಹುಡುಕುವ ಕೆಲಸ ಇಲ್ಲ.

ಮದುವೆಗೆ ಹೋದಾಗ ಡೆಕೋರೇಷನ್ ಲೈಟು ಹಾಕಿದ ಕೂಡಲೇ ಮಂಟಪದ ಮುಂದೆ ನಿಂತು ಫೋನಿನ ಸ್ಲೋ ಮೋಷನ್ ವಿಡಿಯೋದಲ್ಲಿ ಒಂದೊಂದು ಲೈಟನ್ನೂ ಐದೈದು ಸೆಕೆಂಡು ಹಿಡಿಯಿರಿ. ಮಿನುಗುವ ಲೈಟು ಅದರಲ್ಲಿ ಪಟಪಟ ಬಡಿದುಕೊಳ್ಳುತ್ತದೆ. ಮಂಟಪಕ್ಕೆ ನೇರ ಬೀಳುವ ಒಂದೆರಡು ದೀಪ ಮಾತ್ರ ಕೆಟ್ಟದಿದ್ದರೆ, ಲೈಟಿಂಗ್‌ನವರನ್ನು ವಿಶ್ವಾಸದಿಂದ ಕೇಳಿದರೆ ಬದಲಿಸಿ ಕೊಡುತ್ತಾರೆ. ಮುಹೂರ್ತಕ್ಕೆ ಒಂದು ಗಂಟೆ ಮೊದಲು ಕೇಳಬೇಕು, ಧಾರೆ ಎರೆಯುವಾಗ ಅಲ್ಲ.

ಅಮೆರಿಕದ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಕ್ಯಾಮೆರಾ ಒಯ್ಯುವವರು ಲೆಕ್ಕ ಬದಲಿಸಿಕೊಳ್ಳಬೇಕು. ಅಲ್ಲಿ ಕರೆಂಟು 60 ಹರ್ಟ್ಜ್, ಲೈಟಿನ ಮಿನುಗು 120. ಹಾಗಾಗಿ 1/60 ಅಥವಾ 1/120ರ ಹತ್ತಿರದ 1/125. ದುಬೈ, ಲಂಡನ್ನಿನಲ್ಲಿ ನಮ್ಮ ಹಾಗೇ 50. ಸೌದಿಯಲ್ಲಿ 60. ಜಪಾನಿನಲ್ಲಿ ಪೂರ್ವಕ್ಕೆ 50, ಪಶ್ಚಿಮಕ್ಕೆ 60. ವಿಡಿಯೋ ತೆಗೆಯುವವರಿಗೂ ಇದೇ ಲೆಕ್ಕ.

ಫ್ಲ್ಯಾಶ್ ಹಾಕಿದಾಗ ಬರುವ ಕಪ್ಪು ಪಟ್ಟಿ

ಫೋಟೋದ ಕೆಳಗಿನ ಕಾಲು ಭಾಗ ಯಾರೋ ಕಪ್ಪು ಬಟ್ಟೆ ಹಿಡಿದ ಹಾಗೆ ಕತ್ತಲಾಗಿದ್ದರೆ ಮೊದಲು ಶಟರ್ ಸ್ಪೀಡು ನೋಡಿ. ಮೆಕ್ಯಾನಿಕಲ್ ಶಟರಿಗೆ ಎರಡು ಪರದೆ. ಒಂದು ತೆರೆಯುತ್ತದೆ, ಇನ್ನೊಂದು ಮುಚ್ಚುತ್ತದೆ. ಸ್ಪೀಡು ಒಂದು ಮಿತಿ ದಾಟಿದರೆ ಮೊದಲನೆಯದು ಪೂರ್ತಿ ತೆರೆಯುವ ಮೊದಲೇ ಎರಡನೆಯದು ಹೊರಟುಬಿಡುತ್ತದೆ. ಫ್ಲ್ಯಾಶ್ ಬೆಳಗುವುದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ಆ ಹೊತ್ತಿಗೆ ಪರದೆ ಮುಚ್ಚಿದ್ದ ಭಾಗಕ್ಕೆ ಬೆಳಕು ಬೀಳುವುದಿಲ್ಲ.

ಈ ಮಿತಿಗೆ ಸಿಂಕ್ ಸ್ಪೀಡ್ ಅನ್ನುತ್ತಾರೆ. ಬಹಳ ಕ್ಯಾಮೆರಾಗಳಲ್ಲಿ 1/200 ಅಥವಾ 1/250. ಕ್ಯಾನನ್ 6ಡಿಯಲ್ಲಿ 1/180. ನಿಮ್ಮದರ ಮಾನ್ಯುಯಲ್‌ನಲ್ಲಿ ಇರುತ್ತದೆ. ಕ್ಯಾಮೆರಾ ಕಂಪನಿಯದೇ ಫ್ಲ್ಯಾಶ್ ಆದರೆ ಕ್ಯಾಮೆರಾ ತಾನೇ ಆ ಮಿತಿಯಲ್ಲಿ ನಿಲ್ಲುತ್ತದೆ. ಅಗ್ಗದ ಟ್ರಿಗರ್ (ಫ್ಲ್ಯಾಶಿಗೆ ಬೆಳಗು ಅಂತ ಸಿಗ್ನಲ್ ಕಳಿಸುವ ಸಾಧನ) ಹಾಕಿದಾಗ ಮೇಲೆ ಫ್ಲ್ಯಾಶ್ ಇದೆ ಅಂತ ಕ್ಯಾಮೆರಾಕ್ಕೆ ಗೊತ್ತೇ ಆಗುವುದಿಲ್ಲ, 1/500ಕ್ಕೂ ಹೋಗಲು ಬಿಡುತ್ತದೆ. ಅಂಥ ಟ್ರಿಗರ್ ಸಿಗ್ನಲ್ ಕಳಿಸಲು ಸ್ವಲ್ಪ ತಡ ಮಾಡುವುದೂ ಉಂಟು. ಆಗ 1/200ರಲ್ಲೇ ಅಂಚಿನಲ್ಲಿ ತೆಳು ಪಟ್ಟಿ ಉಳಿಯುತ್ತದೆ. 1/160ಕ್ಕೆ ಇಳಿಸಿದರೆ ಹೋಗುತ್ತದೆ. ಬಿಸಿಲಿನಲ್ಲಿ ಫ್ಲ್ಯಾಶ್ ಜೊತೆ ಹೆಚ್ಚಿನ ಸ್ಪೀಡು ಬೇಕೇ ಬೇಕು ಅಂದರೆ ಹೈ ಸ್ಪೀಡ್ ಸಿಂಕ್ ಇರುವ ಫ್ಲ್ಯಾಶ್ ಮತ್ತು ಟ್ರಿಗರ್ ಎರಡೂ ಬೇಕು. ಅದರಲ್ಲಿ ಫ್ಲ್ಯಾಶಿನ ಬಲ ಕಡಿಮೆಯಾಗುತ್ತದೆ ಅನ್ನುವುದು ನೆನಪಿರಲಿ.

ಕೆಳಗೆ ಮಧ್ಯದಲ್ಲಿ ಅರ್ಧಚಂದ್ರದ ಆಕಾರದ ಕಪ್ಪು ಕಂಡರೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಡಿ. ಅದು ಕ್ಯಾಮೆರಾದ ಸಣ್ಣ ಫ್ಲ್ಯಾಶಿಗೆ ಅಡ್ಡ ಬಂದ ಲೆನ್ಸ್ ಹುಡ್‌ನ ನೆರಳು. ಹುಡ್ ತೆಗೆದರೆ ಸಾಕು.

ಶಟರ್ ಸವೆದಿದ್ದರೆ

ಹಗಲಿನ ಪರೀಕ್ಷೆಯಲ್ಲಿ ಮೆಕ್ಯಾನಿಕಲ್ ಶಟರ್ ಫೋಟೋ ಮಾತ್ರ ಕೆಟ್ಟು ಬಂತು ಅನ್ನಿ. ಅದೇ ಗೋಡೆಯನ್ನು 1/60ರಿಂದ ಶುರುಮಾಡಿ 1/125, 1/250, 1/500 ಹೀಗೆ 1/4000ದವರೆಗೂ ತೆಗೆಯುತ್ತಾ ಹೋಗಿ. ಸ್ಪೀಡು ಏರಿದ ಹಾಗೆ ಒಂದು ಕೊನೆಯ ಕಪ್ಪು ಅಗಲವಾಗುತ್ತಾ ಹೋದರೆ ಪರದೆಗಳಲ್ಲಿ ಒಂದು ತಡವರಿಸುತ್ತಿದೆ. ಎಫ್/1.8ರಂಥ ದೊಡ್ಡ ಅಪರ್ಚರ್ ಲೆನ್ಸಿನಲ್ಲಿ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ (ಮೊದಲ ಪರದೆಯ ಕೆಲಸವನ್ನು ಸೆನ್ಸರೇ ಮಾಡುವ ಸೆಟ್ಟಿಂಗ್) ಹಾಕಿಕೊಂಡು 1/2000ರ ಮೇಲೆ ಹೋದಾಗ ಆರೋಗ್ಯವಾಗಿರುವ ಕ್ಯಾಮೆರಾದಲ್ಲೂ ಒಂದು ಕಡೆ ಮಂಕಾಗಬಹುದು. ಅದಕ್ಕೇ ಈ ಪರೀಕ್ಷೆ ಮಾಡುವಾಗ ಪೂರ್ತಿ ಮೆಕ್ಯಾನಿಕಲ್ ಇರಲಿ.

ಶಟರ್ ಪರದೆಯನ್ನು ಬೆರಳಿನಿಂದ ಮುಟ್ಟಬೇಡಿ, ಡಬ್ಬಿಯ ಗಾಳಿ ಹೊಡೆಯಬೇಡಿ. ಕಾಗದಕ್ಕಿಂತ ಸೂಕ್ಷ್ಮ ಅದು. ಸರ್ವಿಸ್ ಸೆಂಟರಿಗೆ ಹೋಗುವಾಗ ಈ ಸಾಲು ಫೋಟೋಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ. ಯಾವ ಸ್ಪೀಡಿನಿಂದ ಶುರುವಾಗುತ್ತದೆ, ಎಲೆಕ್ಟ್ರಾನಿಕ್ ಶಟರಿನಲ್ಲಿ ಬರುತ್ತಾ ಇಲ್ವಾ ಅಂತ ಹೇಳಿ. ಇಷ್ಟು ಗೊತ್ತಿರುವವರ ಹತ್ತಿರ ಯಾರೂ ಸುಮ್ನೆ ಸೆನ್ಸರ್ ಬದಲಿಸಿ ಅನ್ನುವುದಿಲ್ಲ.

ಉಳಿದವು, ಬೇಗ ಬೇಗ

ಫೋಟೋ ಅರ್ಧದಿಂದ ಕೆಳಗೆ ಬೂದು ಬಣ್ಣವಾಗಿದ್ದರೆ ಆ ಕಾರ್ಡಿನಲ್ಲಿ ಇನ್ನೊಂದು ಫೋಟೋವನ್ನೂ ತೆಗೆಯಬೇಡಿ. ಬೇರೆ ಕಾರ್ಡ್ ರೀಡರಿನಲ್ಲಿ ಮತ್ತೆ ಕಾಪಿ ಮಾಡಿ. ಎಷ್ಟೋ ಸಲ ಕಾರ್ಡಿನಲ್ಲಿ ಫೈಲ್ ಚೆನ್ನಾಗಿದ್ದು, ಕಾಪಿ ಮಾಡುವಾಗ ಕೆಟ್ಟಿರುತ್ತದೆ. ಕ್ಯಾಮೆರಾ ಪರದೆಯಲ್ಲಿ ಸರಿಯಾಗಿ ಕಾಣುತ್ತದೆ ಅಂತ ನಂಬಬೇಡಿ. ಅದು ತೋರಿಸುವುದು ಒಳಗಿನ ಚಿಕ್ಕ ಪ್ರತಿಯನ್ನು.

ನೀಲಿ ಆಕಾಶದಲ್ಲಿ ಒಂದೇ ಕಡೆ ಗಾಢ ಪಟ್ಟಿ ಬಂದಿದ್ದರೆ ವೈಡ್ ಲೆನ್ಸಿಗೆ ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಹಾಕಿದ್ದಿರಿ ಅಂತ ಅರ್ಥ. ಸೂರ್ಯನಿಗೆ 90 ಡಿಗ್ರಿಯಲ್ಲಿರುವ ಆಕಾಶದ ಭಾಗ ಅದರಲ್ಲಿ ಹೆಚ್ಚು ಕಪ್ಪಾಗುತ್ತದೆ. ಫಿಲ್ಟರ್ ತಿರುಗಿಸಿ ಕಡಿಮೆ ಮಾಡಿ. ಬೆಳಕನ್ನು ಬೇಕಾದಷ್ಟು ತಗ್ಗಿಸುವ ವೇರಿಯಬಲ್ ಎನ್‌ಡಿ ಫಿಲ್ಟರ್ ಕೊನೆಯವರೆಗೂ ತಿರುಗಿಸಿದರೆ ಕತ್ತರಿ ಆಕಾರದ ಕಪ್ಪು ಬರುತ್ತದೆ. ಸಂಜೆಯ ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಅದು ಜೆಪೆಗ್ ಫೈಲನ್ನು ಜಾಸ್ತಿ ತಿದ್ದಿದ್ದರಿಂದ. ಅದರಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ ಮಾತ್ರ. ರಾ ಫೈಲಿನಲ್ಲಿ (ಸೆನ್ಸರ್ ಹಿಡಿದ ಮಾಹಿತಿ ಹಾಗೇ ಇರುವ ಫೈಲ್) ತೆಗೆದು ತಿದ್ದಿದರೆ ಹೋಗುತ್ತದೆ.

ನೆರಳಿನಲ್ಲಿ ಬರುವ ಸಣ್ಣ ಗೆರೆಗಳು ಕತ್ತಲೆಯ ಫೋಟೋವನ್ನು ಆಮೇಲೆ ಬೆಳಗಿಸಿದಾಗ ಎದ್ದು ಕಾಣುತ್ತವೆ. ತೆಗೆಯುವಾಗಲೇ ಸಾಕಷ್ಟು ಬೆಳಕು ಕೊಡುವುದು ಇದಕ್ಕೆ ಮದ್ದು.

ಈಗಾಗಲೇ ಪಟ್ಟಿ ಬಿದ್ದ ಫೋಟೋಗಳಿಗೆ

ಮೊದಲು ಒಂದೇ ಸಮನೆ ತೆಗೆದ ಫೋಟೋಗಳನ್ನೆಲ್ಲ ಹರಡಿಕೊಳ್ಳಿ. ಪಟ್ಟಿ ಒಂದೊಂದರಲ್ಲೂ ಬೇರೆ ಜಾಗದಲ್ಲಿ ಇರುತ್ತದೆ. ಮುಖದ ಮೇಲೆ ಬೀಳದ ಒಂದಾದರೂ ಸಿಕ್ಕೀತು. ಸಿಗದಿದ್ದರೆ ಲೈಟ್‌ರೂಮಿನಂಥ ಸಾಫ್ಟ್‌ವೇರಿನಲ್ಲಿ ಒಂದೊಂದು ಪಟ್ಟಿಗೂ ಎರಡು ಲೀನಿಯರ್ ಗ್ರೇಡಿಯಂಟ್ (ಅಂಚು ನಿಧಾನಕ್ಕೆ ಮಾಸುವ ಆಯ್ಕೆ) ಬೇಕು. ಮೊದಲನೆಯದನ್ನು ಪಟ್ಟಿಯ ಮೇಲಿನ ಅಂಚಿನಿಂದ ಕೆಳಕ್ಕೆ ಹಾಕಿ, ಎರಡನೆಯದನ್ನು ಕೆಳಗಿನ ಅಂಚಿನಿಂದ ಹಾಕಿ ಮೊದಲನೆಯದರಿಂದ ಕಳೆಯಿರಿ. ಉಳಿದ ಭಾಗಕ್ಕೆ ಎಕ್ಸ್‌ಪೋಷರ್ ನಿಧಾನಕ್ಕೆ ಏರಿಸಿ. ಆಮೇಲೆ ವೈಟ್ ಬ್ಯಾಲೆನ್ಸ್ ಮುಟ್ಟಿ, ಏಕೆಂದರೆ ಪಟ್ಟಿಯೊಳಗಿನ ಬಣ್ಣವೂ ಬೇರೆಯಾಗಿರುತ್ತದೆ. ರಾ ಫೈಲ್ ಇದ್ದರೆ ಮಾತ್ರ ಇದು ಚೆನ್ನಾಗಿ ಬರುತ್ತದೆ.

ತಾಳಿ ಕಟ್ಟುವ ಆ ಫೋಟೋಗೆ ನಾನು ಎರಡು ಸಂಜೆ ಕೂತೆ. ಬೆಳಕು ಸಮವಾಯಿತು, ಸೀರೆಯ ಕೆಂಪು ಮಾತ್ರ ಎರಡು ಥರ ಉಳಿಯಿತು. ಕೊನೆಗೆ ಕಪ್ಪು-ಬಿಳುಪು ಮಾಡಿದೆ. ಬಣ್ಣದ ವ್ಯತ್ಯಾಸ ಹೋಯಿತು, ಅವಳ ಮುಖ ಸ್ಪಷ್ಟವಾಗಿ ಉಳಿಯಿತು. ಚಿಕ್ಕಮ್ಮ ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ನಡುಮನೆಯ ಗೋಡೆಗೆ ಹಾಕಿದ್ದಾರೆ.